ವೈದ್ಯರು ಯಾಕೆ ಬಿಟ್ಟು ಹೋಗುತ್ತಾರೆ? ವಿಭಾಗದ ಮುಖ್ಯಸ್ಥೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು 300 ಹಾಸಿಗೆಗಳ ಆಸ್ಪತ್ರೆಯೊಂದರಲ್ಲಿ ಜನರಲ್ ಮೆಡಿಸಿನ್ ವಿಭಾಗದ ಮುಖ್ಯಸ್ಥೆ. ಈ ಜವಾಬ್ದಾರಿ ಬಂದು ಎಂಟು ತಿಂಗಳಾಯಿತು. ವಿಭಾಗದಲ್ಲಿ 14 ವೈದ್ಯರಿದ್ದರು. ಒಂದೂವರೆ ವರ್ಷದಲ್ಲಿ ಐದು ಜನ ಬಿಟ್ಟು ಹೋಗಿದ್ದಾರೆ. ಇನ್ನಿಬ್ಬರು ಬೇರೆ ಕಡೆ ವಿಚಾರಿಸುತ್ತಿದ್ದಾರೆ ಅಂತ ಕಿವಿಗೆ ಬಿದ್ದಿದೆ. ಎಲ್ಲರ ರಾಜೀನಾಮೆ ಪತ್ರದಲ್ಲೂ 'ವೈಯಕ್ತಿಕ ಕಾರಣ' ಅಂತ ಒಂದೇ ಸಾಲು. ಆಡಳಿತ ಮಂಡಳಿಯವರು ಸಂಬಳ ಜಾಸ್ತಿ ಮಾಡೋಣ, ಅದಕ್ಕೂ ನಿಲ್ಲದಿದ್ದರೆ ಎರಡು ವರ್ಷದ ಬಾಂಡ್ ಬರೆಸಿಕೊಳ್ಳೋಣ ಎನ್ನುತ್ತಾರೆ. ಇನ್ನೊಂದು ವಿಷಯ, ವಿಭಾಗದಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ. ಕೆಲಸದಲ್ಲಿ ನಿಪುಣರು, ಬಾಯಿ ಮಾತ್ರ ಜೋರು. ಅವರ ಜೊತೆ ಡ್ಯೂಟಿ ಬೇಡ ಅಂತ ಕಿರಿಯರು ಹೇಳುತ್ತಾರೆ. ನನಗೆ ರೋಗಿಗಳನ್ನು ನೋಡುವುದು ಗೊತ್ತು. ಜನರನ್ನು ನಡೆಸುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಉಳಿದಿರುವ ಒಂಬತ್ತು ಜನರಿಂದ ಶುರು ಮಾಡಿ. ಖಾಲಿ ಜಾಗಕ್ಕೆ ಜಾಹೀರಾತು, ಸಂದರ್ಶನ ಎಲ್ಲಾ ಅದರ ಪಾಡಿಗೆ ನಡೆಯಲಿ. ನಿಮ್ಮ ಗಮನ ಮಾತ್ರ ಇರುವವರ ಮೇಲಿರಲಿ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ವಿಭಾಗಕ್ಕೆ ದಿನಕ್ಕೆ ಇಬ್ಬರು ನೈಟ್ ಡ್ಯೂಟಿಗೆ ಬೇಕು ಅಂತಿಟ್ಟುಕೊಳ್ಳೋಣ. ತಿಂಗಳಿಗೆ 60 ನೈಟ್ ಆಯಿತು. 14 ಜನ ಇದ್ದಾಗ ಒಬ್ಬೊಬ್ಬರಿಗೆ ನಾಲ್ಕು ಚಿಲ್ಲರೆ ಬರುತ್ತಿತ್ತು. ಒಂಬತ್ತು ಜನ ಆದಾಗ ಸುಮಾರು ಏಳು. ಇನ್ನಿಬ್ಬರು ಹೋದರೆ ಎಂಟೂವರೆ ದಾಟುತ್ತದೆ. ಒಬ್ಬರು ಹೋದದ್ದೇ ಮುಂದಿನವರು ಹೋಗುವುದಕ್ಕೆ ಕಾರಣ ಆಗುತ್ತದೆ. ಮೊದಲ ಮೂವರು ಏನೇ ಕಾರಣಕ್ಕೆ ಹೋಗಿರಲಿ, ನಾಲ್ಕನೆಯವರು ಮತ್ತು ಐದನೆಯವರು ಹೋಗಿದ್ದು ಬಹುಶಃ ಆ ಮೂವರ ಕೆಲಸ ತಮ್ಮ ತಲೆಗೆ ಬಂದದ್ದಕ್ಕೆ.

ಹಾಗಾಗಿ ಈ ವಾರವೇ ಒಂದು ಕೆಲಸ ಆಗಬೇಕು. ಜನ ಸಿಗುವ ತನಕ ಕೆಲಸವನ್ನು ಕಡಿಮೆ ಮಾಡಿ. ವಾರಕ್ಕೆ ಒಂದೆರಡು ಒಪಿಡಿ ನಿಲ್ಲಿಸಿ. ತುರ್ತಲ್ಲದ ಅಡ್ಮಿಷನ್‌ಗೆ ಮಿತಿ ಹಾಕಿ. ಕೆಲವು ನೈಟ್‌ಗಳಿಗಾದರೂ ತಾತ್ಕಾಲಿಕವಾಗಿ ಹೊರಗಿನವರನ್ನು ಕರೆಸಿ. ಆಡಳಿತದವರಿಗೆ ಇದು ನಷ್ಟ ಅನ್ನಿಸುತ್ತದೆ, ಸಹಜ. ಇನ್ನಿಬ್ಬರು ಹೋದರೆ ಆಗುವ ನಷ್ಟವನ್ನು ಪಕ್ಕದಲ್ಲಿ ಬರೆದು ತೋರಿಸಿ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಂದಾಜು ಇದೆ. ವೈದ್ಯರು ಬಳಲಿ ಕೆಲಸ ಬಿಡುವುದರಿಂದ ಮತ್ತು ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳುವುದರಿಂದ ಆ ದೇಶಕ್ಕೆ ವರ್ಷಕ್ಕೆ ಸುಮಾರು 460 ಕೋಟಿ ಡಾಲರ್ ಖರ್ಚು. ಸಂಸ್ಥೆಯ ಮಟ್ಟಕ್ಕೆ ತಂದರೆ ಒಬ್ಬ ವೈದ್ಯರಿಗೆ ವರ್ಷಕ್ಕೆ ಸುಮಾರು 7,600 ಡಾಲರ್. ಇದು ಬಿಟ್ಟು ಹೋದವರ ತಲೆಗೆ ಹಾಕಿದ ಮೊತ್ತ ಅಂದುಕೊಳ್ಳಬೇಡಿ. ಕೆಲಸದಲ್ಲಿರುವ ಪ್ರತಿಯೊಬ್ಬರ ತಲೆಗೂ ಹಂಚಿದ ಮೊತ್ತ. ನಿಮ್ಮ ಆಸ್ಪತ್ರೆಯ ಅಂಕಿ ಬೇರೆ ಇರುತ್ತದೆ. ಆದರೆ ಹೊಸಬರನ್ನು ಹುಡುಕುವ ಖರ್ಚು, ಅವರು ಕೆಲಸಕ್ಕೆ ಪಳಗುವ ತನಕದ ತಿಂಗಳುಗಳು, ಆ ನಡುವೆ ಬೇರೆ ಕಡೆ ಹೋದ ರೋಗಿಗಳು, ಇಷ್ಟನ್ನು ಲೆಕ್ಕ ವಿಭಾಗದವರ ಜೊತೆ ಕೂತು ಬರೆದರೆ ಒಂದು ಪುಟದಲ್ಲಿ ವಿಷಯ ಅರ್ಥವಾಗುತ್ತದೆ.

ಈಗ ಆ 'ವೈಯಕ್ತಿಕ ಕಾರಣ'. ರಾಜೀನಾಮೆ ಕೊಡುವವರಿಗೆ ನಿಮ್ಮಿಂದ ಇನ್ನೂ ಆಗಬೇಕಾದ್ದು ಇರುತ್ತದೆ. ಅನುಭವ ಪತ್ರ ಬೇಕು, ಬಾಕಿ ಸಂಬಳ ಬರಬೇಕು. ನಾಳೆ ಹೊಸ ಆಸ್ಪತ್ರೆಯವರು ಫೋನ್ ಮಾಡಿ ವಿಚಾರಿಸಿದರೆ ನೀವು ಒಳ್ಳೆ ಮಾತು ಹೇಳಬೇಕು. ಯಾರು ತಾನೇ ನಿಜ ಬರೆಯುತ್ತಾರೆ? ಅದೇ ಜನರನ್ನು ಆರು ತಿಂಗಳು ಬಿಟ್ಟು, ಅವರು ನಂಬುವ ಬೇರೆ ಯಾರಾದರೂ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಐವರನ್ನೂ ಹಾಗೆ ಕೇಳಿಸಿ. ನೀವು ಖುದ್ದಾಗಿ ಕೇಳಬೇಡಿ. ಕಾರಣಗಳಲ್ಲಿ ನೀವೂ ಒಬ್ಬರಿರಬಹುದು, ಅದನ್ನು ನಿಮ್ಮ ಮುಖಕ್ಕೆ ಹೇಳುವುದು ಅವರಿಗೆ ಕಷ್ಟ.

ಈ ಮಾತನ್ನು ನೋಯಿಸಲು ಹೇಳುತ್ತಿಲ್ಲ. ಇಡೀ ವಿಷಯದ ತಿರುಳೇ ಇಲ್ಲಿದೆ. ವೈದ್ಯರಿಗೆ ಆಸ್ಪತ್ರೆ ಅಂದರೆ ಕಟ್ಟಡವೂ ಅಲ್ಲ, ಆಡಳಿತ ಮಂಡಳಿಯೂ ಅಲ್ಲ. ಮಂಡಳಿಯ ಅಧ್ಯಕ್ಷರನ್ನು ಅವರು ವರ್ಷಕ್ಕೊಮ್ಮೆ ವೇದಿಕೆ ಮೇಲೆ ನೋಡುತ್ತಾರೆ, ಅಷ್ಟೇ. ರಜೆ ಕೊಡುವುದು ಯಾರು, ನೈಟ್ ಹಾಕುವುದು ಯಾರು, ತಪ್ಪಾದಾಗ ಪಕ್ಕದಲ್ಲಿ ನಿಲ್ಲುವುದು ಯಾರು? ಅವರ ಪಾಲಿಗೆ ಆ ಒಬ್ಬರೇ ಆಸ್ಪತ್ರೆ. ಈಗ ಆ ಒಬ್ಬರು ನೀವು.

ಇದಕ್ಕೆ ಆಧಾರವೂ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಟೇಟ್ ಶಾನಫೆಲ್ಟ್ ಮತ್ತು ಅವರ ಜೊತೆಯವರು 2,800ಕ್ಕೂ ಹೆಚ್ಚು ವೈದ್ಯರನ್ನು ಕೇಳಿ, 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ನೇರ ಮೇಲಧಿಕಾರಿಗೆ ವೈದ್ಯರೇ ಅಂಕ ಕೊಡಬೇಕಿತ್ತು, ಒಟ್ಟು 60ಕ್ಕೆ. ಮೇಲಧಿಕಾರಿಯ ಅಂಕ ಒಂದೊಂದು ಏರಿದಂತೆ ಅವರ ಕೈಕೆಳಗಿನವರು ಬಳಲಿ ಬೇಸತ್ತಿರುವ ಸಾಧ್ಯತೆ 3.3% ಕಡಿಮೆಯಾಗುತ್ತಿತ್ತು, ಕೆಲಸದಲ್ಲಿ ತೃಪ್ತಿ ಇರುವ ಸಾಧ್ಯತೆ 9% ಹೆಚ್ಚಾಗುತ್ತಿತ್ತು. ಇದು ಒಂದಕ್ಕೊಂದು ಇರುವ ನಂಟು. ಒಂದರಿಂದಲೇ ಇನ್ನೊಂದು ಆಯಿತು ಅಂತ ಇದರಿಂದ ಹೇಳಲಾಗದು. ಆದರೂ ಅಲ್ಲಿ ಕೇಳಿದ ಪ್ರಶ್ನೆಗಳನ್ನು ನೋಡಿ. ನನ್ನ ಮುಂದಿನ ದಾರಿಯ ಬಗ್ಗೆ ನನ್ನ ಜೊತೆ ಮಾತಾಡುತ್ತಾರಾ? ನನ್ನ ಅಭಿಪ್ರಾಯ ಕೇಳುತ್ತಾರಾ? ಗೌರವದಿಂದ ನಡೆಸಿಕೊಳ್ಳುತ್ತಾರಾ? ಒಳ್ಳೆ ಕೆಲಸ ಮಾಡಿದಾಗ ಗುರುತಿಸುತ್ತಾರಾ? ಏನಾದರೂ ಬದಲಾವಣೆ ಆಗುವಾಗ ನನಗೆ ತಿಳಿಸುತ್ತಾರಾ? ಇದರಲ್ಲಿ ಎಂಬಿಎ ಓದಿದರೆ ಮಾತ್ರ ಬರುವಂಥದ್ದು ಒಂದೂ ಇಲ್ಲ, ಅಲ್ವಾ?

ಒಂಬತ್ತು ಜನರ ಜೊತೆಗೂ ಒಬ್ಬೊಬ್ಬರಾಗಿ ಅರ್ಧ ಗಂಟೆ ಕೂತು ಮಾತಾಡಿ. ನಿಮ್ಮ ಕೋಣೆಯಲ್ಲಿ ಮೇಜಿನ ಆಚೆ ಈಚೆ ಬೇಡ. ಅವರ ಡ್ಯೂಟಿ ಮುಗಿದ ಮೇಲೂ ಬೇಡ, ಡ್ಯೂಟಿ ಸಮಯದಲ್ಲೇ ಅವರ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕರೆಯಿರಿ. "ಹೇಗಿದ್ದೀರಿ, ಎಲ್ಲಾ ಚೆನ್ನಾಗಿದೆಯಾ?" ಅಂತ ಕೇಳಿದರೆ "ಚೆನ್ನಾಗಿದೆ ಮೇಡಂ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಪ್ರಶ್ನೆ ಗಟ್ಟಿಯಾಗಿರಲಿ. "ಹೋದ ತಿಂಗಳು ಯಾವ ದಿನ ಮನೆಗೆ ಹೋಗುವಾಗ ತುಂಬಾ ಬೇಜಾರಾಗಿತ್ತು?" "ಇಲ್ಲಿ ದಿನಾ ಯಾವ ಕೆಲಸ ಸುಮ್ನೆ ದಂಡ ಅನ್ನಿಸುತ್ತದೆ?" "ಬಿಟ್ಟು ಹೋಗಬೇಕು ಅಂತ ಕೊನೆಯ ಸಲ ಅನ್ನಿಸಿದ್ದು ಯಾವಾಗ, ಅವತ್ತು ಏನಾಗಿತ್ತು?" ಮೂರನೇ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ನೀವು ತುಂಬಬೇಡಿ, ಅವರು ತುಂಬುತ್ತಾರೆ. ಸಮರ್ಥನೆಗೆ ಇಳಿಯಬೇಡಿ. ಮುಂದೆ ಒಂದು ಪುಸ್ತಕ ಇಟ್ಟುಕೊಂಡು ಬರೆದುಕೊಳ್ಳಿ, ಬರೆಯುತ್ತಿರುವುದು ಅವರಿಗೆ ಕಾಣಲಿ.

ಎರಡು ವಾರದೊಳಗೆ ಅದರಲ್ಲಿ ಒಂದಾದರೂ ಸರಿಹೋಗಬೇಕು, ಎಷ್ಟೇ ಚಿಕ್ಕದಿರಲಿ. ನಾನು ನೋಡಿದ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಡಾಕ್ಟರ್ ಮಲಗುವ ಕೋಣೆಗೆ ಚಿಲಕ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ಯಾರ್ಯಾರೋ ಬಾಗಿಲು ತೆಗೆದು ಸ್ಟೋರ್ ಸಾಮಾನು ತೆಗೆದುಕೊಂಡು ಹೋಗುತ್ತಿದ್ದರು. ಮಹಿಳಾ ವೈದ್ಯರು ಆ ಕೋಣೆಯನ್ನೇ ಬಿಟ್ಟು ನರ್ಸಿಂಗ್ ಸ್ಟೇಷನ್ನಿನ ಕುರ್ಚಿಯಲ್ಲಿ ಕೂತು ರಾತ್ರಿ ಕಳೆಯುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಹೊಸದಾಗಿ ಬಂದ ಮುಖ್ಯಸ್ಥರು ಕೇಳಿದ ಮೇಲೆ ವಿಷಯ ಹೊರಬಂತು, ಮರುದಿನ ಬಡಗಿ ಬಂದು ಚಿಲಕ ಹಾಕಿದ. ಚಿಲಕದಿಂದ ಯಾರೂ ಉಳಿಯುವುದಿಲ್ಲ, ನಿಜ. ಆದರೆ ಹೇಳಿದ ಮಾತಿಗೆ ಇಲ್ಲಿ ಕೆಲಸ ಆಗುತ್ತದೆ ಅಂತ ಗೊತ್ತಾದ ಮೇಲೆ ಆ ವಿಭಾಗದವರು ದೊಡ್ಡ ವಿಷಯಗಳನ್ನೂ ಬಾಯಿ ಬಿಟ್ಟು ಹೇಳತೊಡಗಿದರು. ನಿಮ್ಮಿಂದ ಆಗದ್ದು ಇದ್ದರೆ ಅದನ್ನೂ ಹೇಳಿ. "ಇದು ಈ ವರ್ಷ ಆಗಲ್ಲ, ಕಾರಣ ಇದು" ಅಂದರೆ ಜನ ಒಪ್ಪುತ್ತಾರೆ. "ನೋಡೋಣ" ಅಂದು ಮರೆತರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಇನ್ನು ಡ್ಯೂಟಿ ಪಟ್ಟಿ. ನನ್ನನ್ನು ಕೇಳಿದರೆ ಒಂದು ವಿಭಾಗದ ಆರೋಗ್ಯ ಗೊತ್ತಾಗುವುದು ಅದರ ರೋಸ್ಟರ್‌ನಲ್ಲೇ. ಕಳೆದ ಆರು ತಿಂಗಳ ರೋಸ್ಟರ್ ತೆಗೆದು ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ಅಂಕಿ ಬರೆಯಿರಿ. ಎಷ್ಟು ನೈಟ್, ಎಷ್ಟು ಭಾನುವಾರ, ಆನ್ ಕಾಲ್ ಇದ್ದಾಗ ಎಷ್ಟು ಸಲ ನಿಜವಾಗಿ ಬರಬೇಕಾಯಿತು, ಕೇಳಿದ ರಜೆ ಎಷ್ಟು ಸಲ ಸಿಗಲಿಲ್ಲ. ಬಹಳಷ್ಟು ವಿಭಾಗಗಳಲ್ಲಿ ಈ ಲೆಕ್ಕ ಮಾಡಿದಾಗ ಎಲ್ಲರಿಗೂ ಆಶ್ಚರ್ಯ ಆಗುತ್ತದೆ. ಯಾರೂ ಬೇಕು ಅಂತ ಅನ್ಯಾಯ ಮಾಡಿರುವುದಿಲ್ಲ. ಇಲ್ಲ ಅನ್ನಲು ಬಾರದ ಒಬ್ಬರು ಇರುತ್ತಾರೆ. ಎಲ್ಲರೂ ಅವರನ್ನೇ "ಒಂದು ನೈಟ್ ಅಡ್ಜಸ್ಟ್ ಮಾಡ್ಕೊಳ್ತೀರಾ?" ಅಂತ ಕೇಳುತ್ತಾರೆ. ಅವರು ಹೂಂ ಅನ್ನುತ್ತಾ ಅನ್ನುತ್ತಾ ಒಂದು ದಿನ ರಾಜೀನಾಮೆ ಇಡುತ್ತಾರೆ. ವಿಭಾಗದವರೆಲ್ಲ "ಅವರಾ? ಅವರಿಗೇನು ತೊಂದರೆ ಇತ್ತು?" ಅಂತ ಬೆರಗಾಗುತ್ತಾರೆ.

ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪ್ರತಿ ತಿಂಗಳ ರೋಸ್ಟರ್ ಕನಿಷ್ಠ ಆರು ವಾರ ಮುಂಚೆ ಕೈಗೆ ಸಿಗಲಿ. 30ನೇ ತಾರೀಕು ರಾತ್ರಿ ವಾಟ್ಸಾಪ್‌ನಲ್ಲಿ ಬರುವ ರೋಸ್ಟರ್ ಇಟ್ಟುಕೊಂಡು ಯಾರೂ ತಮ್ಮ ಮಗುವಿನ ಶಾಲೆಯ ಕಾರ್ಯಕ್ರಮಕ್ಕೆ ಬರುತ್ತೇನೆ ಅಂತ ಮಾತು ಕೊಡಲಾರರು. ನೈಟ್ ಮುಗಿಸಿದವರು ಬೆಳಗ್ಗೆ ಒಪಿಡಿಗೆ ಕೂರುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಇದು ಸೌಕರ್ಯದ ಪ್ರಶ್ನೆಯಷ್ಟೇ ಅಲ್ಲ, ರೋಗಿಯ ಜೀವದ ಪ್ರಶ್ನೆ. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಝಯಾನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡಳು. ಕಿರಿಯ ವೈದ್ಯರ ದೀರ್ಘ ಡ್ಯೂಟಿ ಮತ್ತು ಅವರ ಮೇಲೆ ಹಿರಿಯರ ನಿಗಾ ಇಲ್ಲದಿರುವುದು ಆಮೇಲೆ ದೊಡ್ಡ ಚರ್ಚೆಯಾಯಿತು. ಆ ರಾಜ್ಯ 1989ರಲ್ಲಿ ನಿಯಮ ತಂದಿತು. 2003ರಲ್ಲಿ ಅಮೆರಿಕದಾದ್ಯಂತ ತರಬೇತಿಯಲ್ಲಿರುವ ವೈದ್ಯರಿಗೆ ವಾರಕ್ಕೆ ಸರಾಸರಿ 80 ಗಂಟೆಯ ಮಿತಿ ಬಂತು. ಯುರೋಪಿನ ಮಿತಿ ಇನ್ನೂ ಕಡಿಮೆ, ವಾರಕ್ಕೆ ಸರಾಸರಿ 48 ಗಂಟೆ. ಇಂಗ್ಲೆಂಡಿನಲ್ಲಿ 2016ರ ಒಪ್ಪಂದದ ನಂತರ ಇನ್ನೊಂದು ವ್ಯವಸ್ಥೆ ಇದೆ. ಕಿರಿಯ ವೈದ್ಯರು ರೋಸ್ಟರ್‌ಗಿಂತ ಹೆಚ್ಚು ಹೊತ್ತು ಕೆಲಸ ಮಾಡಬೇಕಾಗಿ ಬಂದರೆ ಅದನ್ನು ದಾಖಲಿಸುತ್ತಾರೆ, ಅದನ್ನು ನೋಡಿಕೊಳ್ಳುವುದಕ್ಕೇ ಒಬ್ಬರು ಇರುತ್ತಾರೆ. ನಿಮ್ಮಲ್ಲೂ ಹೆಚ್ಚುವರಿ ಗಂಟೆ ಬರೆಯುವುದಕ್ಕೆ ಒಂದು ಜಾಗ ಇರಲಿ. ಬರೆದವರನ್ನು "ನಿಮಗೆ ಕೆಲಸ ಬೇಗ ಮುಗಿಸೋದಕ್ಕೆ ಬರಲ್ವಾ" ಅಂತ ಯಾರೂ ಕೇಳಕೂಡದು, ಅಷ್ಟೇ.

ಮತ್ತೆ ಒಂದು ಮಾತು, ನಿಮ್ಮ ಹೆಸರೂ ಆ ಪಟ್ಟಿಯಲ್ಲಿರಲಿ. ಎಲ್ಲಾ ನೈಟ್ ಮಾಡಬೇಕು ಅಂತಿಲ್ಲ. ತಿಂಗಳಿಗೆ ಒಂದಾದರೂ ಮಾಡಿ. ರಾತ್ರಿ ಲ್ಯಾಬ್ ರಿಪೋರ್ಟ್‌ಗೆ ಎಷ್ಟು ಹೊತ್ತು ಕಾಯಬೇಕು, ಸ್ಕ್ಯಾನಿಂಗ್‌ಗೆ ರೋಗಿಯನ್ನು ಕರೆದೊಯ್ಯಲು ಯಾರೂ ಸಿಗದಿದ್ದಾಗ ಏನಾಗುತ್ತದೆ ಅಂತ ಹಗಲು ಹೊತ್ತಿನ ಮೀಟಿಂಗ್‌ನಲ್ಲಿ ಗೊತ್ತಾಗುವುದಿಲ್ಲ.

ದಂಡದ ಕೆಲಸದ ವಿಷಯಕ್ಕೆ ಬರೋಣ. ಅಮೆರಿಕದ ನಾಲ್ಕು ವಿಭಾಗಗಳ ಹೊರರೋಗಿ ವೈದ್ಯರನ್ನು ಹಿಂದೆಯೇ ನಿಂತು ಗಮನಿಸಿದ 2016ರ ಅಧ್ಯಯನವೊಂದರಲ್ಲಿ, ರೋಗಿಯ ಜೊತೆ ಕಳೆದ ಪ್ರತಿ ಒಂದು ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದದ ಕೆಲಸಕ್ಕೆ ಹೋಗುತ್ತಿತ್ತು. ಹವಾಯಿಯ ಒಂದು ಆಸ್ಪತ್ರೆ ಸಮೂಹ 2017ರಲ್ಲಿ ತನ್ನ ಎಲ್ಲಾ ಸಿಬ್ಬಂದಿಗೆ ಒಂದೇ ಪ್ರಶ್ನೆ ಕೇಳಿತು: ಕಂಪ್ಯೂಟರ್‌ನಲ್ಲಿ ನೀವು ತುಂಬುತ್ತಿರುವುದರಲ್ಲಿ ಯಾವುದು ಯಾರಿಗೂ ಬೇಕಿಲ್ಲ? ನರ್ಸುಗಳು ಗಂಟೆಗೊಮ್ಮೆ ರೋಗಿಯನ್ನು ನೋಡಿದ್ದಕ್ಕೆ ಗುರುತು ಹಾಕುವ ಒಂದು ಸಾಲನ್ನು ತೆಗೆದುಹಾಕಿದ್ದಕ್ಕೇ ನಾಲ್ಕು ಆಸ್ಪತ್ರೆಗಳಲ್ಲಿ ಸೇರಿ ತಿಂಗಳಿಗೆ ಸುಮಾರು 1,700 ನರ್ಸಿಂಗ್ ಗಂಟೆ ಉಳಿಯಿತು. ಒಂದು ಸಾಲು! ಇದಕ್ಕೆ ಸಾಫ್ಟ್‌ವೇರ್ ಬದಲಿಸಬೇಕಾಗಿರಲಿಲ್ಲ, ಕೇಳಬೇಕಿತ್ತು. ನಿಮ್ಮ ವಿಭಾಗದಲ್ಲಿ ಡಿಸ್ಚಾರ್ಜ್ ಸಮರಿಯಿಂದ ಶುರು ಮಾಡಿ. ಒಂದೇ ಮಾಹಿತಿಯನ್ನು ಕೇಸ್ ಶೀಟ್‌ನಲ್ಲಿ, ಕಂಪ್ಯೂಟರ್‌ನಲ್ಲಿ, ವಿಮೆಯ ಫಾರಂನಲ್ಲಿ ಎಷ್ಟು ಸಲ ಬರೆಯುತ್ತಾರೆ ಅಂತ ಒಂದು ದಿನ ಅವರ ಪಕ್ಕದಲ್ಲಿ ಕೂತು ನೋಡಿ. ಗುಮಾಸ್ತರು ಮಾಡಬಹುದಾದ್ದನ್ನು ವೈದ್ಯರ ಕೈಯಿಂದ ತೆಗೆಯಿರಿ.

ಒತ್ತಡ ನಿಭಾಯಿಸುವ ಶಿಬಿರ, ಧ್ಯಾನದ ತರಗತಿ ಇವೆಲ್ಲ ಆಡಳಿತದವರಿಗೆ ಇಷ್ಟ. ತಪ್ಪೇನಿಲ್ಲ. ಆದರೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯಲ್ಲಿ, ವೈದ್ಯರನ್ನು ತಿದ್ದುವ ಕ್ರಮಗಳಿಗಿಂತ ಕೆಲಸದ ವ್ಯವಸ್ಥೆಯನ್ನು ತಿದ್ದುವ ಕ್ರಮಗಳೇ ಹೆಚ್ಚು ಫಲ ಕೊಟ್ಟಿದ್ದವು. ಏಳು ನೈಟ್ ಮಾಡಿ ಬಂದವರನ್ನು ಭಾನುವಾರ ಶಿಬಿರಕ್ಕೆ ಕರೆಯುವುದು ಸರಿಯಲ್ಲ.

ಯಾರು ಬಿಡುವ ಹಂತಕ್ಕೆ ಬಂದಿದ್ದಾರೆ ಅಂತ ತಿಳಿಯುವುದು ಹೇಗೆ? ಮಾತಿನಲ್ಲೇ ಸುಳಿವು ಸಿಗುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮಸ್ಲಾಕ್ 1981ರಲ್ಲಿ ರೂಪಿಸಿದ ಅಳತೆಯ ಪ್ರಕಾರ ಈ ಬಳಲಿಕೆಗೆ ಮೂರು ಮುಖ. ಮನಸ್ಸು ಬರಿದಾಗುವುದು, ಎದುರಿಗಿರುವವರನ್ನು ಮನುಷ್ಯರಾಗಿ ಕಾಣದೆ ಹೋಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅನ್ನದೆ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಅಂತ ಗುರುತಿಸಿತು. ಎರಡನೇ ಮುಖವನ್ನು ನೀವು ರೌಂಡ್ಸಿನಲ್ಲೇ ಕೇಳಿಸಿಕೊಳ್ಳಬಹುದು. ಮುಂಚೆ "ಆ ಅಜ್ಜಿಗೆ ರಾತ್ರಿ ಉಸಿರಾಟ ಕಷ್ಟ ಆಯ್ತು ಮೇಡಂ, ಮಗಳು ತುಂಬಾ ಹೆದರಿದ್ರು" ಅಂತ ಹೇಳುತ್ತಿದ್ದವರು ಈಗ "12ನೇ ಬೆಡ್, ಸ್ಯಾಚುರೇಷನ್ ಕಡಿಮೆ, ಆಕ್ಸಿಜನ್ ಹಾಕಿದೆ" ಅಂದು ಮುಂದಕ್ಕೆ ಹೋಗುತ್ತಾರೆ. ಚಿಕಿತ್ಸೆಯಲ್ಲಿ ಲೋಪ ಇಲ್ಲ. ಆದರೆ ಏನೋ ಕಡಿಮೆಯಾಗಿದೆ. ಮೀಟಿಂಗ್‌ನಲ್ಲಿ ಜಗಳ ಆಡುತ್ತಿದ್ದವರು ಸುಮ್ಮನಾಗಿದ್ದರೆ ಅದೂ ಸುಳಿವೇ. ದೂರು ಹೇಳುವವರಿಗೆ ಇನ್ನೂ ನಂಬಿಕೆ ಇರುತ್ತದೆ. ನಾನು ಹೆಚ್ಚು ಚಿಂತೆ ಮಾಡುವುದು ದೂರು ನಿಲ್ಲಿಸಿದವರ ಬಗ್ಗೆ.

ನಿಮ್ಮ ಹಿರಿಯ ಸಹೋದ್ಯೋಗಿಯ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಅವರ ನಿಪುಣತೆಯನ್ನೂ ಅವರ ಬಾಯಿಯನ್ನೂ ಬೇರೆ ಬೇರೆ ಮಾಡಿ ನೋಡಲಾಗದು. ಯಾಕೆಂದರೆ ಬಾಯಿಯ ಪರಿಣಾಮ ರೋಗಿಯ ಮೇಲೂ ಆಗುತ್ತದೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯು ತಂಡಗಳನ್ನು ಎರಡು ಗುಂಪು ಮಾಡಿ, ಕೃತಕ ಮಗುವಿನ ಮೇಲೆ ಚಿಕಿತ್ಸೆಯ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ಹೊರಗಿನ ತಜ್ಞರೊಬ್ಬರು ಒರಟು ಮಾತಾಡುವ ಹಾಗೆ ಮೊದಲೇ ಏರ್ಪಾಡು ಮಾಡಿದ್ದರು. ಆ ಮಾತು ಕೇಳಿಸಿಕೊಂಡ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಚಳಕದಲ್ಲೂ ಹಿಂದೆ ಬಿದ್ದವು. 2015ರಲ್ಲಿ ಇದು ಪ್ರಕಟವಾಯಿತು. ಹೀಗಿರುವಾಗ "ಅವರ ಸ್ವಭಾವವೇ ಹಾಗೆ, ಮನಸ್ಸು ಒಳ್ಳೇದು" ಅಂತ ಬಿಟ್ಟುಬಿಡುವುದು ರೋಗಿಗೂ ಮಾಡುವ ಅನ್ಯಾಯ.

ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಹಿಕ್ಸನ್ ಮತ್ತು ಅವರ ತಂಡ ಇಂಥ ಸಂದರ್ಭಕ್ಕೆ ಒಂದು ಮೆಟ್ಟಿಲು ದಾರಿ ಮಾಡಿದ್ದಾರೆ. ಮೊದಲು ಸಹೋದ್ಯೋಗಿಯೊಬ್ಬರು ಕಾಫಿಗೆ ಕೂತ ಹಾಗೆ ಖಾಸಗಿಯಾಗಿ ಮಾತಾಡುವುದು. ಮತ್ತೆ ಮತ್ತೆ ಆದರೆ ದೂರುಗಳ ಲೆಕ್ಕ ಮುಂದಿಟ್ಟು ಮಾತಾಡುವುದು. ಅದಕ್ಕೂ ಬದಲಾಗದಿದ್ದರೆ ಮೇಲಧಿಕಾರಿಯ ನಿಗಾದಲ್ಲಿ ಲಿಖಿತ ಯೋಜನೆ. ಕೊನೆಗೆ ಶಿಸ್ತು ಕ್ರಮ. ಬಹಳ ಜನ ಮೊದಲ ಮೆಟ್ಟಿಲನ್ನೇ ಹತ್ತುವುದಿಲ್ಲ, ವರ್ಷಗಟ್ಟಲೆ ಸಹಿಸಿಕೊಂಡು ಒಂದು ದಿನ ನೇರ ಕೊನೆಯದಕ್ಕೆ ಹಾರುತ್ತಾರೆ. ನೀವು ಮೊದಲನೆಯದರಿಂದ ಶುರು ಮಾಡಿ. ಘಟನೆ ನಡೆದ ದಿನವೇ, ಇಬ್ಬರೇ ಇರುವಾಗ, ಒಂದೇ ಘಟನೆ ಹಿಡಿದು ಮಾತಾಡಿ. "ಸರ್, ಬೆಳಗ್ಗೆ ರೌಂಡ್ಸಿನಲ್ಲಿ ರೋಗಿಯ ಎದುರಿಗೇ ಆ ಹುಡುಗನಿಗೆ 'ನಿನಗೆ ಡಿಗ್ರಿ ಕೊಟ್ಟವರಾರು' ಅಂದಿರಿ. ಡೋಸ್ ತಪ್ಪಿದ್ದು ನಿಜ, ನೀವು ಹಿಡಿದದ್ದು ಒಳ್ಳೇದಾಯ್ತು. ಆದರೆ ಆಮೇಲೆ ಅವನು ಇಡೀ ದಿನ ನಿಮ್ಮನ್ನು ಏನೂ ಕೇಳಲಿಲ್ಲ. ಅವನು ಕೇಳದೆ ಇದ್ದರೆ ಮುಂದಿನ ಡೋಸ್ ಯಾರು ಹಿಡಿಯುತ್ತಾರೆ ಸರ್?" ಇಷ್ಟು ಹೇಳಿ ನಿಲ್ಲಿಸಿ. 'ನೀವು ಯಾವಾಗಲೂ ಹೀಗೇ' ಅಂತ ಮಾತ್ರ ಅನ್ನಬೇಡಿ. ಆಡಳಿತದವರ ಬೆಂಬಲ ಮುಂಚೆಯೇ ಕೇಳಿಕೊಂಡಿರಿ. ಅವರು ತುಂಬಾ ರೋಗಿಗಳನ್ನು ತರುವವರು ಅಂತ ಮಂಡಳಿಯವರು ಹಿಂದೆ ಸರಿದರೆ ನೀವು ನಡುನೀರಿನಲ್ಲಿ ನಿಲ್ಲುತ್ತೀರಿ. ಹೋದ ಐವರಲ್ಲಿ ಎಷ್ಟು ಜನ ಅವರ ಯೂನಿಟ್‌ನವರು ಅಂತ ನೋಡಿ. ಆ ಅಂಕಿಯೇ ಮಂಡಳಿಗೆ ಬೇಕಾದ ಉತ್ತರ ಆಗಬಹುದು.

ತಪ್ಪುಗಳ ಬಗ್ಗೆ ಮಾತಾಡುವ ರೀತಿಯೂ ಇದಕ್ಕೇ ಸೇರಿದ್ದು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಒಂದು ವಿಚಿತ್ರ ಕಂಡರು. ಒಳ್ಳೆ ನಾಯಕತ್ವ ಇರುವ ವಾರ್ಡ್‌ಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿ ತಪ್ಪು ಜಾಸ್ತಿ ನಡೆಯುತ್ತಿತ್ತು ಅಂತಲ್ಲ, ಹೆದರದೆ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ನಿಮ್ಮ ವಿಭಾಗದಲ್ಲಿ ವಾತಾವರಣ ಸುಧಾರಿಸಿದಾಗ ಮೊದಲು ಕಾಗದದ ಮೇಲೆ ತಪ್ಪುಗಳ ಸಂಖ್ಯೆ ಏರಬಹುದು. ಇದನ್ನು ಆಡಳಿತದವರಿಗೆ ಮುಂಚೆಯೇ ಹೇಳಿಡಿ. ಸಾವಿನ ನಂತರದ ಚರ್ಚೆಯಲ್ಲಿ 'ಯಾರು ಮಾಡಿದ್ದು' ಅಂತ ಶುರು ಮಾಡಬೇಡಿ, 'ಏನೇನಾಯಿತು' ಅಂತ ಶುರು ಮಾಡಿ. ರೋಗಿ ತೀರಿಕೊಂಡ ರಾತ್ರಿ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರಿಗೆ ಮರುದಿನ ನೀವೇ ಫೋನ್ ಮಾಡಿ. ಆ ಒಂದು ಫೋನ್ ಕರೆಯನ್ನು ಅವರು ಮರೆಯುವುದಿಲ್ಲ. ಬಾರದೆ ಹೋದ ಫೋನನ್ನೂ ಮರೆಯುವುದಿಲ್ಲ.

ಸಂಬಳ, ಬಾಂಡ್ ಎರಡನ್ನೂ ಬೇಗ ಮುಗಿಸುತ್ತೇನೆ. ಅಕ್ಕಪಕ್ಕದ ಆಸ್ಪತ್ರೆಗಳಿಗಿಂತ ಸಂಬಳ ತೀರಾ ಕಡಿಮೆ ಇದ್ದರೆ ಅಥವಾ ಒಂದೇ ಕೆಲಸಕ್ಕೆ ಹೊಸಬರಿಗೆ ಹಳಬರಿಗಿಂತ ಹೆಚ್ಚು ಕೊಡುತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಆ ಗಾಯ ಇರುವ ತನಕ ನೀವು ಬೇರೇನು ಮಾಡಿದರೂ ಕಣ್ಣೊರೆಸುವ ಕೆಲಸ ಅನ್ನಿಸುತ್ತದೆ. ಅದು ಸರಿ ಇದ್ದ ಮೇಲೂ ದುಡ್ಡನ್ನೇ ನಂಬಿದರೆ, ಇನ್ನೂ ಸ್ವಲ್ಪ ಜಾಸ್ತಿ ಕೊಡುವವರು ಬರುವ ತನಕ ಮಾತ್ರ ಜನ ಇರುತ್ತಾರೆ. ಬಾಂಡ್‌ಗೆ ನಾನು ಪೂರ್ತಿ ವಿರೋಧಿ. ಬೇಸತ್ತವರನ್ನು ಕಾಗದದಲ್ಲಿ ಕಟ್ಟಿಹಾಕಿದರೆ ಅವರು ದಿನ ಎಣಿಸುತ್ತಾ ಕೆಲಸ ಮಾಡುತ್ತಾರೆ, ಅದನ್ನು ಅನುಭವಿಸುವುದು ರೋಗಿ. ಬಾಂಡ್ ಇದೆ ಅಂತ ಗೊತ್ತಾದರೆ ಬರುವವರೂ ಬರುವುದಿಲ್ಲ. ದುಡ್ಡು ಖರ್ಚು ಮಾಡುವ ಮನಸ್ಸು ಮಂಡಳಿಗಿದ್ದರೆ ಹೇಳಿ: ಇಬ್ಬರು ಗುಮಾಸ್ತರನ್ನು ಕೊಡಿ, ನೈಟ್‌ಗೆ ತಾತ್ಕಾಲಿಕ ವೈದ್ಯರನ್ನು ಕೊಡಿ.

ಜನರನ್ನು ಹಿಡಿದಿಡುವ ಇನ್ನೊಂದು ವಿಷಯ ಅವರಿಗೆ ಇಷ್ಟವಾದ ಕೆಲಸ. ವೈದ್ಯಕೀಯ ಕಾಲೇಜಿನ ವೈದ್ಯರ ಬಗ್ಗೆ 2009ರಲ್ಲಿ ಬಂದ ಅಧ್ಯಯನವೊಂದರಲ್ಲಿ, ತಮಗೆ ಅತಿ ಮುಖ್ಯ ಅನ್ನಿಸಿದ ಕೆಲಸಕ್ಕೆ ಸಮಯದ 20% ಆದರೂ ಕೊಡಲು ಆಗುತ್ತಿದ್ದವರಲ್ಲಿ ಬಳಲಿದವರು ಸುಮಾರು 30%, ಅಷ್ಟೂ ಆಗದವರಲ್ಲಿ ಸುಮಾರು 54%. ಒಬ್ಬರಿಗೆ ಪಾಠ ಹೇಳುವುದು ಇಷ್ಟ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆಯ ಕ್ಲಿನಿಕ್ ನಡೆಸುವ ಆಸೆ, ಮತ್ತೊಬ್ಬರಿಗೆ ಅಲ್ಟ್ರಾಸೌಂಡ್ ಕಲಿಯಬೇಕು. 20% ಅಂದರೆ ಐದು ದಿನದ ವಾರದಲ್ಲಿ ಒಂದು ದಿನ. ಒಂಬತ್ತು ಜನ ಇರುವಾಗ ಒಂದು ದಿನ ಕೊಡಲು ಆಗದಿರಬಹುದು, ಅರ್ಧ ದಿನದಿಂದ ಶುರು ಮಾಡಿ. ಯಾರಿಗೆ ಏನು ಬೇಕು ಅಂತ ಆ ಅರ್ಧ ಗಂಟೆಯ ಮಾತಿನಲ್ಲೇ ಕೇಳಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಲು ನಿಮಗೆ ಸಮಯ ಎಲ್ಲಿದೆ? ಹೆಚ್ಚಿನ ಆಸ್ಪತ್ರೆಗಳಲ್ಲಿ ಒಳ್ಳೆ ವೈದ್ಯರಿಗೆ ಮುಖ್ಯಸ್ಥರ ಪಟ್ಟ ಕೊಡುತ್ತಾರೆ, ಒಪಿಡಿ ಮಾತ್ರ ಅಷ್ಟೇ ಇರುತ್ತದೆ. ಇದು ನಿಮ್ಮ ಕೊರತೆ ಅಲ್ಲ, ವ್ಯವಸ್ಥೆಯ ಕೊರತೆ. ಮಂಡಳಿಗೆ ಬರೆಯುವಾಗ ನಾಚಿಕೆ ಇಲ್ಲದೆ ಕೇಳಿ. ವಾರಕ್ಕೆ ಒಂದು ಪೂರ್ತಿ ದಿನ ರೋಗಿಗಳಿಲ್ಲದೆ ವಿಭಾಗ ನಡೆಸುವುದಕ್ಕೆ ಬೇಕು. ರೋಸ್ಟರ್ ಮತ್ತು ರಜೆ ವಿಷಯದಲ್ಲಿ ಕೊನೆಯ ಮಾತು ನಿಮ್ಮದಾಗಿರಬೇಕು. ಕೈಗೆ ಚಿಕ್ಕದೊಂದು ಬಜೆಟ್ ಬೇಕು, ಚಿಲಕದಂಥ ವಿಷಯಕ್ಕೆ ಮೂರು ಸಹಿ ಕಾಯುವ ಹಾಗಿರಬಾರದು. ಜನರನ್ನು ನಡೆಸುವ ತರಬೇತಿಯೂ ಬೇಕು. ವರ್ಷಕ್ಕೊಮ್ಮೆ ನಿಮ್ಮ ವಿಭಾಗದವರು ಹೆಸರು ಹೇಳದೆ ನಿಮಗೆ ಅಂಕ ಕೊಡುವ ವ್ಯವಸ್ಥೆಯನ್ನೂ ನೀವೇ ಕೇಳಿ.

ಕೊನೆಗೆ, ಬೇರೆ ಕಡೆ ವಿಚಾರಿಸುತ್ತಿರುವ ಆ ಇಬ್ಬರು. ಅವರ ಜೊತೆಗಿನ ಮಾತು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಯಾರು ಹೇಳಿದರು ಅಂತ ಹೆಸರು ತೆಗೆಯದೆ ನೇರವಾಗಿ ಕೇಳಿ: "ನೀವು ಹೋಗುವುದು ನನಗೆ ಇಷ್ಟ ಇಲ್ಲ. ಏನು ಬದಲಾದರೆ ಇನ್ನೊಂದು ವರ್ಷ ಇರುತ್ತೀರಿ?" ಒಬ್ಬರು ನಿರ್ಧಾರ ಮಾಡಿಬಿಟ್ಟಿದ್ದರೆ ಒತ್ತಾಯ ಬೇಡ. ಒಳ್ಳೆ ಪತ್ರ ಕೊಟ್ಟು, ಜಾಗ ಖಾಲಿ ಇದ್ದಾಗ ವಾಪಸ್ ಬನ್ನಿ ಅಂತ ಹೇಳಿ ಕಳಿಸಿ. ಹಾಗೆ ಹೋದವರಲ್ಲಿ ತಿರುಗಿ ಬಂದವರನ್ನು ನಾನು ನೋಡಿದ್ದೇನೆ. ಇನ್ನೊಬ್ಬರು ಯೋಚನೆಯಲ್ಲೇ ಇದ್ದರೆ ನಿಮಗೆ ಅವಕಾಶ ಇದೆ. ಮಾತಿಗೆ ಕೂರುವ ಮುಂಚೆ ಅವರ ಆರು ತಿಂಗಳ ನೈಟ್, ಭಾನುವಾರ ಮತ್ತು ಸಿಗದ ರಜೆ, ಇಷ್ಟರ ಲೆಕ್ಕ ನಿಮ್ಮ ಕೈಯಲ್ಲಿರಲಿ.